ಎತ್ತಿಗೆ ಜ್ವರ, ಎಮ್ಮೆಗೆ ಬರೆ

2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಏನಾಯಿತೆಂಬುದನ್ನು ಫುಟ್‌ಬಾಲ್ ನೋಡುವ ಕನ್ನಡಿಗರು ಇನ್ನೂ ಮರೆತಿರಲಾರರು. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲದೆ ಮುಗಿದು ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಫ್ರೀ ಕಿಕ್ ಸಿಕ್ಕಾಗ, ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟಿಕೊಳ್ಳುವ ಮೊದಲೇ, ಬೆಂಗಳೂರಿನ ಸುನಿಲ್ ಛೇಟ್ರಿ ಚೆಂಡನ್ನು ಗೋಲಿಗೆ ಸೇರಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಕ್ಕೆ ಕರೆದುಕೊಂಡರು, ಅವರು ಮತ್ತೆ ಆಡಲು ಬರಲಿಲ್ಲ. ನಾನು ಬೆಂಗಳೂರಿನ ಬೆಂಬಲಿಗನಾದ್ದರಿಂದ ಆ ಗೋಲಿನ ಬಗ್ಗೆ ನನ್ನ ಅಭಿಪ್ರಾಯಕ್ಕೆ ಹೆಚ್ಚು ಬೆಲೆಯಿಲ್ಲ, ಅದನ್ನಿಲ್ಲಿ ಹೇಳುವುದೂ ಇಲ್ಲ. ನಾನು ಬರೆಯಹೊರಟಿರುವುದು ಆ ರಾತ್ರಿ ಮೈದಾನದಲ್ಲಿ ಇಲ್ಲದೇ ಇದ್ದವರ ಬಗ್ಗೆ.

ಆಟ ಬಿಟ್ಟು ನಡೆದದ್ದಕ್ಕಾಗಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಬ್ಲಾಸ್ಟರ್ಸ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು, ಕೋಚ್ ಮೇಲೆ 10 ಪಂದ್ಯಗಳ ನಿಷೇಧ ಹೇರಿತು. ಕ್ಲಬ್ ಸಲ್ಲಿಸಿದ ಮೇಲ್ಮನವಿ ಜೂನ್ ಮೊದಲ ವಾರದ ಹೊತ್ತಿಗೆ ಬಿದ್ದುಹೋಯಿತು. ಅದಾದ ಕೆಲವೇ ದಿನಗಳಲ್ಲಿ, ಫೆಡರೇಷನ್ ವಿಧಿಸಿರುವ ದಂಡದ ಹೊರೆಯಿಂದಾಗಿ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಿದ್ದೇವೆ ಎಂದು ಕ್ಲಬ್ ಪ್ರಕಟಿಸಿತು. ಆ ತಂಡ ಹುಟ್ಟಿದ್ದು 2022ರ ಜುಲೈಯಲ್ಲಿ. ಅದಕ್ಕಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಭಾರತದ ಗೋಲ್‌ಕೀಪರ್ ಆಗಿದ್ದ ಅದಿತಿ ಚೌಹಾಣ್ ಸೇರಿದಂತೆ ಹಲವರು ಆಕ್ಷೇಪಿಸಿದರು. ಉಳಿದವರು ಒಂದೆರಡು ದಿನ ಮರುಗಿ ಹೊಸ ಋತುವಿನ ಆಟಗಾರರ ಖರೀದಿಯ ಸುದ್ದಿಯಲ್ಲಿ ಮುಳುಗಿದರು. ಆ ಉಳಿದವರಲ್ಲಿ ನಾನೂ ಒಬ್ಬ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಹಿರಿಯರು ಬೇರೆ ಯಾವುದಕ್ಕೋ ಮಾಡಿರಬಹುದು, ಆದರೆ ಇದಕ್ಕಿಂತ ಚೆನ್ನಾಗಿ ಹೊಂದುವ ಪ್ರಸಂಗ ನನಗೆ ಕಂಡಿಲ್ಲ. ಸ್ವಲ್ಪ ಲೆಕ್ಕವನ್ನೂ ಹಾಕಿ ನೋಡಬಹುದು. ಅದೇ 2023ರಲ್ಲಿ ಫೆಡರೇಷನ್, ಇಂಡಿಯನ್ ವಿಮೆನ್ಸ್ ಲೀಗ್‌ನ ಮೇಲಿನ ಹಂತದ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಮಾನಿಸಿತು. ಆ ದರದಲ್ಲಿ 4 ಕೋಟಿ ರೂಪಾಯಿಯೆಂದರೆ 125 ಆಟಗಾರ್ತಿಯರ ಒಂದು ವರ್ಷದ ಸಂಬಳ. ಪುರುಷರ ತಂಡದ ಒಂದು ರಾತ್ರಿಯ ಸಿಟ್ಟಿಗೆ ತೆತ್ತ ಬೆಲೆ ಅದು.

ಫುಟ್‌ಬಾಲ್ ಕ್ಲಬ್‌ಗಳು ತಮ್ಮ ಮಹಿಳಾ ತಂಡಗಳಿಗೆ ಹಣ ಹಾಕಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ನನ್ನ ಗೆಳೆಯನೊಬ್ಬ ತಪ್ಪದೆ ಹೇಳುವ ಮಾತೊಂದಿದೆ: ‘ಯಾರು ದುಡಿಯುತ್ತಾರೋ ಅವರಿಗೆ ಖರ್ಚು ಮಾಡಲಿ, ನೋಡುವವರೇ ಇಲ್ಲದ ಆಟಕ್ಕೆ ಬೇರೆಯವರ ದುಡಿಮೆಯನ್ನು ಯಾಕೆ ಸುರಿಯಬೇಕು?’ ಈ ವಾದವನ್ನು ಹೀಗಳೆಯುವುದು ಸುಲಭ, ಆದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಮೊದಲ ಉತ್ತರ ಅವನ ಲೆಕ್ಕದೊಳಗೇ ಇದೆ. ಭಾರತದಲ್ಲಿ ಪುರುಷರ ಕ್ಲಬ್‌ಗಳೂ ದುಡಿದು ತಿನ್ನುತ್ತಿಲ್ಲ. ಐಎಸ್‌ಎಲ್ ಕ್ಲಬ್‌ಗಳ ಮಾಲೀಕರು ವರ್ಷ ವರ್ಷವೂ ಕೈಯಿಂದ ಹಣ ಹಾಕುತ್ತಲೇ ಬಂದಿದ್ದಾರೆ. ಹಾಗಾಗಿ ಇಲ್ಲಿ ಲಾಭದ ತಂಡದ ಹಣ ನಷ್ಟದ ತಂಡಕ್ಕೆ ಹೋಗುತ್ತಿದೆ ಎಂಬ ಮಾತೇ ನಿಲ್ಲುವುದಿಲ್ಲ. ಎರಡೂ ನಷ್ಟದವೇ. ಒಂದರ ನಷ್ಟಕ್ಕೆ ‘ಹೂಡಿಕೆ’ ಎಂಬ ಹೆಸರು, ಇನ್ನೊಂದರ ನಷ್ಟಕ್ಕೆ ‘ದುಂದು’ ಎಂಬ ಹೆಸರು, ಅಷ್ಟೇ.

ಎರಡನೆಯ ಉತ್ತರಕ್ಕೆ ಇಂಗ್ಲೆಂಡಿಗೆ ಹೋಗಬೇಕು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಡಿಕ್, ಕೆರ್ ಲೇಡೀಸ್ ಮತ್ತು ಸೇಂಟ್ ಹೆಲೆನ್ಸ್ ತಂಡಗಳ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಡಿಕ್, ಕೆರ್ ಎಂಬುದು ಪ್ರೆಸ್ಟನ್ ಪಟ್ಟಣದ ಕಾರ್ಖಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ದುಡಿಯುತ್ತಿದ್ದ ಹೆಂಗಸರು ಕಟ್ಟಿದ ತಂಡವದು, ಬಂದ ಹಣ ದಾನಧರ್ಮಕ್ಕೆ ಹೋಗುತ್ತಿತ್ತು. ಮರುವರ್ಷ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ಹೊಂದುವಂಥದ್ದಲ್ಲ ಎಂದು ಸಾರಿ, ತನ್ನ ಸದಸ್ಯ ಕ್ಲಬ್‌ಗಳು ಮಹಿಳೆಯರ ಪಂದ್ಯಗಳಿಗೆ ಮೈದಾನ ಕೊಡಕೂಡದೆಂದು ಸೂಚಿಸಿತು. ಸಂಗ್ರಹವಾದ ಹಣದಲ್ಲಿ ಹೆಚ್ಚಿನ ಪಾಲು ಖರ್ಚಿಗೇ ಹೋಗುತ್ತಿದೆ ಎಂಬ ದೂರನ್ನೂ ಅದು ಜೊತೆಗೆ ಸೇರಿಸಿತ್ತು. ಸುಮಾರು ಐವತ್ತು ವರ್ಷ ಆ ನಿರ್ಬಂಧ ಉಳಿಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂಥದ್ದೇ ನಿಷೇಧಗಳಿದ್ದವು.

ಇದರಲ್ಲಿ ಗಮನಿಸಬೇಕಾದದ್ದು ನಿಷೇಧ ಜಾರಿಯಾದ ಬಗೆ. ಆಡಬಾರದೆಂದು ಪೊಲೀಸರನ್ನೇನೂ ಕಳಿಸಲಿಲ್ಲ. ಕ್ಲಬ್‌ಗಳ ಗೇಟು ಮುಚ್ಚಿಸಿದರು, ಅಷ್ಟೇ ಸಾಕಾಯಿತು. ಟಿಕೆಟ್ ಮಾರುವ ಜಾಗವೇ ಕೈತಪ್ಪಿದ ಮೇಲೆ ಆದಾಯ ಎಲ್ಲಿಂದ ಬರಬೇಕು? ಅರ್ಧ ಶತಮಾನ ಅಂಗಡಿಗೆ ಬೀಗ ಹಾಕಿಸಿ, ಆಮೇಲೆ ‘ನಿಮ್ಮಲ್ಲಿ ವ್ಯಾಪಾರವೇ ಇಲ್ಲವಲ್ಲ’ ಎಂದು ಕೇಳುವವರಿಗೆ ಬೀಗದ ಕೈ ಯಾರ ಜೇಬಿನಲ್ಲಿತ್ತೆಂಬುದನ್ನು ನೆನಪಿಸಬೇಕಾಗುತ್ತದೆ. ಕ್ಲಬ್‌ಗಳು ಈಗ ಕೊಡುವ ಹಣವನ್ನು ದಾನವೆಂದು ಕರೆಯಲು ನನಗೆ ಮನಸ್ಸಾಗದಿರುವುದು ಈ ಕಾರಣದಿಂದ.

ಈಚಿನ ಒಂದು ಸಂಗತಿಯನ್ನು ನೋಡಿದರೆ ಈ ನಷ್ಟದ ಮಾತು ಇನ್ನೂ ವಿಚಿತ್ರವೆನಿಸುತ್ತದೆ. ಇಂಗ್ಲೆಂಡಿನ ಪುರುಷರ ಪ್ರೀಮಿಯರ್ ಲೀಗ್‌ನಲ್ಲಿ 2025-26ರ ಋತುವಿನವರೆಗಿನ ನಿಯಮದಂತೆ ಕ್ಲಬ್ಬೊಂದು ಮೂರು ವರ್ಷಗಳಲ್ಲಿ ಹೆಚ್ಚೆಂದರೆ 10.5 ಕೋಟಿ ಪೌಂಡ್ ನಷ್ಟ ತೋರಿಸಬಹುದಿತ್ತು. ಮಹಿಳಾ ತಂಡಕ್ಕೆ ಮಾಡಿದ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅಂದರೆ ಮಹಿಳಾ ತಂಡದಿಂದಾಗಿ ಪುರುಷರ ತಂಡಕ್ಕೆ ಆಟಗಾರರನ್ನು ಕೊಳ್ಳಲಾಗಲಿಲ್ಲ ಎಂಬ ನೆಪಕ್ಕೆ ಆ ನಿಯಮದಲ್ಲಿ ಜಾಗವಿರಲಿಲ್ಲ. ಇದು ಹೀಗಿರುವಾಗ 2024ರಲ್ಲಿ ಚೆಲ್ಸಿ ಕ್ಲಬ್ ತನ್ನ ಮಹಿಳಾ ತಂಡವನ್ನು ಅದೇ ಮಾಲೀಕರ ಕೈಯಲ್ಲಿರುವ ಮಾತೃ ಕಂಪನಿಗೆ ಸುಮಾರು 20 ಕೋಟಿ ಪೌಂಡ್‌ಗೆ ಮಾರಿತು, ಆ ವರ್ಷ ನಷ್ಟ ಕಾಣಬೇಕಿದ್ದ ಲೆಕ್ಕಪತ್ರದಲ್ಲಿ ಲಾಭ ಮೂಡಿತು. ಬಲಗೈಯಿಂದ ಎಡಗೈಗೆ ಕೊಟ್ಟು ಲಾಭ ಬರೆದುಕೊಂಡ ಆ ವ್ಯವಹಾರ ಸರಿಯೇ ತಪ್ಪೇ ಎಂಬುದನ್ನು ಲೆಕ್ಕಿಗರಿಗೆ ಬಿಡೋಣ. ಹಣ ಹಾಕುವಾಗ ಹೊರೆಯೆನಿಸುವ ತಂಡ ಲೆಕ್ಕ ತುಂಬಿಸಬೇಕಾದಾಗ ಆಸ್ತಿಯಾಗಿಬಿಡುತ್ತದೆ ಎಂಬುದಷ್ಟು ನನಗೆ ತಿಳಿಯಿತು.

ಇಷ್ಟು ಹೇಳಿದ ಮೇಲೂ ನನ್ನ ವಾದಕ್ಕೆ ನಿಜವಾಗಿ ತೊಡಕು ತರುವ ಉದಾಹರಣೆಯೊಂದಿದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್‌ನ ಮಾಲೀಕರು ನಮ್ಮವರೇ, ಪುಣೆಯ ವೆಂಕೀಸ್ ಸಮೂಹದವರು; 2010ರಿಂದ ಅದು ಅವರ ಕೈಯಲ್ಲಿದೆ. ಇಂಗ್ಲೆಂಡಿನ ಮಹಿಳಾ ಲೀಗ್ ತನ್ನ ಎರಡನೆಯ ಹಂತದ ಕ್ಲಬ್‌ಗಳಿಗೆ ಸೌಲಭ್ಯ ಮತ್ತು ಸಿಬ್ಬಂದಿಯ ವಿಷಯದಲ್ಲಿ ಬಿಗಿಯಾದ ಷರತ್ತುಗಳನ್ನು ಹಾಕಿತು. ಅವುಗಳಿಗೆ ತಗಲುವ ಖರ್ಚನ್ನು ಹೊರಲೊಪ್ಪದೆ ಬ್ಲ್ಯಾಕ್‌ಬರ್ನ್ 2025ರ ಮೇಯಲ್ಲಿ ತನ್ನ ಮಹಿಳಾ ತಂಡವನ್ನು ಆ ಹಂತದಿಂದ ಹಿಂತೆಗೆದುಕೊಂಡಿತು. ಆಟಗಾರ್ತಿಯರಿಗೆ ಒಳ್ಳೆಯದಾಗಲೆಂದು ಮಾಡಿದ ನಿಯಮವೇ ಅವರ ಕೆಲಸವನ್ನು ಕಿತ್ತುಕೊಂಡಿತು. ಮಟ್ಟ ಏರಿಸಿದರೆ ಕ್ಲಬ್ ಬಾಗಿಲು ಮುಚ್ಚುತ್ತದೆ, ಏರಿಸದಿದ್ದರೆ ಆಟಗಾರ್ತಿಯರು ಹರಕು ಮೈದಾನದಲ್ಲೇ ಉಳಿಯುತ್ತಾರೆ. 2017ರಲ್ಲಿ ಇಂಗ್ಲೆಂಡಿನದೇ ನಾಟ್ಸ್ ಕೌಂಟಿ ಕ್ಲಬ್ ತನ್ನ ಮಹಿಳಾ ತಂಡವನ್ನು ಋತು ಶುರುವಾಗಲು ಎರಡು ದಿನವಿರುವಾಗ ಮುಚ್ಚಿದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು.

ಈ ಇಕ್ಕಟ್ಟನ್ನು ಬಹಳ ದಿನ ಯೋಚಿಸಿದ ಮೇಲೆ ನನಗನಿಸಿದ್ದು ಷರತ್ತನ್ನು ತಪ್ಪು ಬಾಗಿಲಿಗೆ ಅಂಟಿಸಲಾಗಿದೆ ಎಂದು. ಮಹಿಳಾ ಲೀಗ್‌ನ ಪರವಾನಗಿಗೆ ಷರತ್ತು ಹಾಕಿದರೆ ಕ್ಲಬ್ ಮಹಿಳಾ ಲೀಗನ್ನೇ ಬಿಟ್ಟು ಹೋಗುತ್ತದೆ, ಅದರಿಂದ ಮಾಲೀಕರಿಗೆ ಒಂದು ಕಾಸಿನ ನಷ್ಟವೂ ಇಲ್ಲ. ಅದೇ ಷರತ್ತು ಪುರುಷರ ತಂಡದ ಪರವಾನಗಿಗೆ ಕಟ್ಟಿದ್ದರೆ ಬಿಟ್ಟು ಹೋಗುವುದು ಅಷ್ಟು ಸುಲಭವಲ್ಲ. ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಕಾನ್ಮೆಬೋಲ್ ಮಾಡಿದ್ದು ಇದನ್ನೇ: 2019ರಿಂದ ಅಲ್ಲಿನ ಪುರುಷರ ದೊಡ್ಡ ಕ್ಲಬ್ ಪಂದ್ಯಾವಳಿಯಾದ ಕೋಪಾ ಲಿಬರ್ಟಡೋರೆಸ್‌ನಲ್ಲಿ ಆಡಬಯಸುವ ಪ್ರತಿ ಕ್ಲಬ್‌ಗೂ ಮಹಿಳಾ ತಂಡವಿರಬೇಕು, ಇಲ್ಲವೇ ಬೇರೊಂದು ಮಹಿಳಾ ಕ್ಲಬ್ ಜೊತೆ ಒಪ್ಪಂದವಿರಬೇಕು. ಆ ‘ಇಲ್ಲವೇ’ ಎಂಬ ಸಂದಿಯಲ್ಲಿ ನುಸುಳಿಕೊಳ್ಳಲು ಅವಕಾಶವಿದೆ ಎಂಬುದು ನನಗೂ ಗೊತ್ತು. ಆದರೂ ಬಾಗಿಲು ಸರಿಯಾದದ್ದು.

ನಮ್ಮಲ್ಲಿ ಏನಿದೆ ನೋಡೋಣ. 2024-25ರಲ್ಲಿ ಐಎಸ್‌ಎಲ್‌ನಲ್ಲಿ 13 ಕ್ಲಬ್‌ಗಳಿದ್ದವು. ಅದೇ ಋತುವಿನ ಇಂಡಿಯನ್ ವಿಮೆನ್ಸ್ ಲೀಗ್‌ನ 8 ಕ್ಲಬ್‌ಗಳಲ್ಲಿ ಆ ಹದಿಮೂರರಿಂದ ಬಂದವು ಎರಡೇ, ಈಸ್ಟ್ ಬೆಂಗಾಲ್ ಮತ್ತು ಒಡಿಶಾ. ಪುರುಷರ ತಂಡ ಐಎಸ್‌ಎಲ್‌ನ ಮೊದಲ ಆರರೊಳಗೂ ಬಾರದ ಆ ವರ್ಷ ಈಸ್ಟ್ ಬೆಂಗಾಲ್‌ನ ಮಹಿಳೆಯರು ಲೀಗ್ ಗೆದ್ದರು. ಕರ್ನಾಟಕದಿಂದ ಆಡಿದ್ದು ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ. 2022-23ರಲ್ಲಿ ಫೈನಲ್‌ವರೆಗೆ ಹೋಗಿ ಗೋಕುಲಂ ಕೇರಳದ ಎದುರು ಸೋತ ತಂಡ ಅದು. ನಾನು ಜರ್ಸಿ ತೊಟ್ಟು ಕೂಗುವ ಕ್ಲಬ್‌ನ ಹೆಸರು ಆ ಎಂಟರ ಪಟ್ಟಿಯಲ್ಲಿರಲಿಲ್ಲ. ಕೂಗುವ ಜಾಗವಾದ ಕಂಠೀರವ ರಾಜ್ಯ ಸರ್ಕಾರದ್ದು. ಬ್ಲಾಸ್ಟರ್ಸ್ ಆ ಋತುವಿನಲ್ಲಿ ಆಡಿದ ಕೊಚ್ಚಿಯ ಕ್ರೀಡಾಂಗಣವೂ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ್ದು. ಜನರ ತೆರಿಗೆಯಲ್ಲಿ ಎದ್ದ ಮೈದಾನವನ್ನು ಬಾಡಿಗೆಗೆ ಪಡೆಯುವ ಕ್ಲಬ್‌ಗೆ ‘ಊರಿನ ಹೆಣ್ಣುಮಕ್ಕಳಿಗೂ ಒಂದು ತಂಡವಿರಲಿ’ ಎಂದು ಹೇಳುವ ಹಕ್ಕು ಆ ಜನರಿಗೆ ಇದೆಯೆಂದೇ ನನ್ನ ನಂಬಿಕೆ.

ಇನ್ನು ಎಷ್ಟು ಕೊಡಬೇಕು ಎಂಬ ಪ್ರಶ್ನೆ. ಸಮಾನ ಸಂಬಳವನ್ನು ನಾನು ಇಂದೇ ಕೇಳುತ್ತಿಲ್ಲ. ಪುರುಷರ ತಂಡದ ಸಂಬಳಕ್ಕೆ ಇಡುವ ಪ್ರತಿ ನೂರು ರೂಪಾಯಿಗೆ ಐದು ರೂಪಾಯಿ ಮಹಿಳಾ ತಂಡಕ್ಕೆಂದು ಋತು ಶುರುವಾಗುವ ಮೊದಲೇ ಬರೆದಿಡಲಿ. ಕೆಲವು ವರ್ಷಗಳ ಹಿಂದೆ ಐಎಸ್‌ಎಲ್ ತಂಡವೊಂದರ ಸಂಬಳದ ಮಿತಿ 16.5 ಕೋಟಿ ರೂಪಾಯಿ ಇತ್ತು. ಅದರಲ್ಲಿ ನೂರಕ್ಕೆ ಐದೆಂದರೆ 82.5 ಲಕ್ಷ, ಫೆಡರೇಷನ್ ಹೇಳಿದ ಕನಿಷ್ಠ ದರದಲ್ಲಿ 25 ಆಟಗಾರ್ತಿಯರಿಗೆ ಸಾಲುತ್ತದೆ. ಪ್ರಯಾಣ, ಊಟ, ತರಬೇತುದಾರರು, ವೈದ್ಯರು ಎಂದು ಬೇರೆ ಖರ್ಚುಗಳಿವೆ, ಒಪ್ಪುತ್ತೇನೆ, ಆದರೂ ಕ್ಲಬ್ ಮುಳುಗಿಸುವ ಮೊತ್ತವಂತೂ ಇದಲ್ಲ.

‘ಪುರುಷರಿಗೇ ಸಂಬಳವಿಲ್ಲದಾಗ?’ ಎಂದು ಗೆಳೆಯ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. 2025ರಲ್ಲಿ ಐಎಸ್‌ಎಲ್‌ನ ಭವಿಷ್ಯವೇ ತೂಗುಯ್ಯಾಲೆಯಲ್ಲಿದ್ದಾಗ ಬೆಂಗಳೂರು ಎಫ್‌ಸಿ ತನ್ನ ಪುರುಷರ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ನಾನು ಮೊತ್ತ ಹೇಳದೆ ಪಾಲು ಹೇಳುತ್ತಿರುವುದು ಅದಕ್ಕೇ. ಪುರುಷರ ಬಜೆಟ್ ಅರ್ಧವಾದರೆ ಮಹಿಳೆಯರದೂ ಅರ್ಧವಾಗಲಿ. ಅನ್ನ ಕಡಿಮೆಯಾದ ಮನೆಯಲ್ಲಿ ಎಲ್ಲರ ತಟ್ಟೆಯಲ್ಲೂ ಕಡಿಮೆಯಾಗುವುದು ಸಹಜ. ಬ್ಲಾಸ್ಟರ್ಸ್ ಮನೆಯಲ್ಲಿ ಆದದ್ದು ಹಾಗಲ್ಲ, ಒಬ್ಬರ ತಟ್ಟೆಯನ್ನೇ ಎತ್ತಿಟ್ಟರು.

ಕ್ರಿಕೆಟ್ಟಿನ ಉದಾಹರಣೆ ತರಬೇಡಿ ಎಂದು ಫುಟ್‌ಬಾಲಿನವರು ಸಿಡಿಮಿಡಿಗೊಳ್ಳುತ್ತಾರೆ, ಆದರೂ ಒಂದು ಸಾಲು. ಆರ್‌ಸಿಬಿ ಮಹಿಳಾ ತಂಡಕ್ಕೆ 2023ರಲ್ಲಿ 901 ಕೋಟಿ ರೂಪಾಯಿ ಕೊಟ್ಟಾಗ ನಕ್ಕವರಿದ್ದರು. ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಕಾದವರ ಮನೆಗೆ ಮೊದಲ ಕಪ್ ತಂದದ್ದು 2024ರ ಮಾರ್ಚ್‌ನಲ್ಲಿ ಸ್ಮೃತಿ ಮಂಧಾನ ಅವರ ತಂಡ.

2022ರ ಆಗಸ್ಟ್‌ನಲ್ಲಿ ಗೋಕುಲಂ ಕೇರಳದ ಮಹಿಳೆಯರು ಏಷ್ಯಾದ ಕ್ಲಬ್ ಪಂದ್ಯಾವಳಿಗಾಗಿ ತಾಷ್ಕೆಂಟ್ ತಲುಪಿದ್ದರು. ಫೆಡರೇಷನ್‌ನ ಆಡಳಿತದ ಗೊಂದಲಕ್ಕಾಗಿ ಫಿಫಾ ಭಾರತವನ್ನು ಅಮಾನತು ಮಾಡಿದ್ದರಿಂದ ಒಂದು ಪಂದ್ಯವನ್ನೂ ಆಡದೆ ಅವರು ವಾಪಸಾದರು. ಹತ್ತೇ ಹತ್ತು ತಿಂಗಳಲ್ಲಿ, ಅದೇ ರಾಜ್ಯದ ಇನ್ನೊಂದು ಕ್ಲಬ್‌ನ ಮಹಿಳೆಯರು ತಾವು ಆಡದ ಪಂದ್ಯದ ದಂಡಕ್ಕೆ ತಂಡ ಕಳೆದುಕೊಂಡರು.

ಗುಡಿಸನ್ ಪಾರ್ಕ್ ಈಗ ಎವರ್ಟನ್ ಮಹಿಳಾ ತಂಡದ ಮನೆ ಮೈದಾನ. 2025ರಲ್ಲಿ ಪುರುಷರ ತಂಡ ನದಿ ದಂಡೆಯ ಹೊಸ ಕ್ರೀಡಾಂಗಣಕ್ಕೆ ಹೋದ ಮೇಲೆ ಹಳೆಯದನ್ನು ಕೆಡವುವ ಬದಲು ಮಹಿಳೆಯರಿಗೆ ಕೊಟ್ಟರು. ಒಳ್ಳೆಯ ಕೆಲಸವೆಂದು ನಾನೂ ಸಂತೋಷಪಟ್ಟೆ. 53,000 ಜನ ಸೇರಿದ್ದ ಅದೇ ಮೈದಾನ, ನೂರನಾಲ್ಕು ವರ್ಷಗಳ ನಂತರ, ಪುರುಷರಿಗೆ ಅದು ಬೇಡವಾದ ಮೇಲೆ.