ಎಂಡಿ ಇರುವಾಗ ಡಿಓ ಯಾಕೆ? ಪರ, ವಿರೋಧ

ಮಿಶಿಗನ್‌ನಲ್ಲಿರುವ ಮಗಳ ಮನೆಗೆ ಹೋಗಿ ಇಳಿದ ದಿನವೇ ನನಗೆ ಸೊಂಟ ಹಿಡಿದುಕೊಂಡಿತು. ಕಾರಣ ಸೂಟ್‌ಕೇಸ್. ಉಪ್ಪಿನಕಾಯಿ, ಹುರಿಹಿಟ್ಟು, ಸಾರಿನ ಪುಡಿ ಎಲ್ಲ ಸೇರಿ 23 ಕೆಜಿ. ಕಾರಿನ ಡಿಕ್ಕಿಯಿಂದ ಎತ್ತುವಾಗ ಚಳಕ್ ಅಂದಿತು. ಮಗಳು ಅವರ ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬಾಗಿಲ ಮೇಲೆ ಹೆಸರು, ಪಕ್ಕದಲ್ಲಿ ಡಿಓ. ರಾತ್ರಿ ಮೈಸೂರಿಗೆ ಫೋನ್ ಮಾಡಿದರೆ ಅಣ್ಣನ ಮೊದಲ ಮಾತು, "ಆಸ್ಟಿಯೋಪತಿನಾ? ಹೋಮಿಯೋಪತಿ ತರಹದ್ದಲ್ವಾ ಅದು? ಅಷ್ಟು ದೂರ ಹೋಗಿ ಒಬ್ಬ ಎಂಡಿ ಸಿಗಲಿಲ್ವಾ ನಿಂಗೆ?"

ಹೋಮಿಯೋಪತಿ ಅಲ್ಲ. ಮೂಳೆ ಡಾಕ್ಟರೂ ಅಲ್ಲ, ಅದು ಆರ್ಥೋಪೆಡಿಕ್. ಅಮೆರಿಕದಲ್ಲಿ ಪೂರ್ತಿ ಡಾಕ್ಟರ್ ಆಗಲು ಎರಡು ದಾರಿ ಇವೆ. ಒಂದು ಎಂಡಿ, ಇನ್ನೊಂದು ಡಿಓ, ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್. ಎರಡಕ್ಕೂ ಮೊದಲು ಒಂದು ಡಿಗ್ರಿ, ಆಮೇಲೆ 4 ವರ್ಷ ಮೆಡಿಕಲ್ ಕಾಲೇಜು, ಅದಾದ ಮೇಲೆ 3ರಿಂದ 7 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತರಬೇತಿ. 50 ರಾಜ್ಯಗಳಲ್ಲೂ ಇಬ್ಬರೂ ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು. ಡಿಓ ಓದುವವರು ಇದರ ಜೊತೆಗೆ ಸುಮಾರು 200 ಗಂಟೆ, ಕೈಯಿಂದ ಮಾಡುವ ಚಿಕಿತ್ಸೆ ಕಲಿಯುತ್ತಾರೆ. ಅದಕ್ಕೆ ಓಎಂಟಿ ಅಂತ ಹೆಸರು. ಇವತ್ತು ಅಲ್ಲಿ ಡಾಕ್ಟರಿಕೆ ಓದುತ್ತಿರುವ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು ಡಿಓ ಕಾಲೇಜಿನವರು. ಇಂಗ್ಲೆಂಡಿನ ಆಸ್ಟಿಯೋಪಾತ್ ಬೇರೆ. ಅವರಿಗೆ 1993ರ ಕಾಯಿದೆ ಇದೆ, ನೋಂದಣಿ ಇದೆ, ಆದರೆ ಅವರು ಡಾಕ್ಟರಲ್ಲ. ಬೆಂಗಳೂರಿನಲ್ಲಿ ಆಸ್ಟಿಯೋಪತಿ ಅನ್ನೋ ಬೋರ್ಡ್ ಕಂಡರೆ ಒಳಗಿರುವವರು ಅಮೆರಿಕದ ಡಿಓ ಅಂದುಕೊಂಡುಬಿಡಬೇಡಿ.

ಎಂಡಿ ಅನ್ನೋದೂ ಇಲ್ಲಿಯದು ಬೇರೆ, ಅಲ್ಲಿಯದು ಬೇರೆ. ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ, ಮತ್ತೆ ಮೂರು ವರ್ಷ ಓದಿದರೆ ಎಂಡಿ. ಅಲ್ಲಿ ಅದು ಮೊದಲ ವೈದ್ಯಕೀಯ ಪದವಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಬ್ಬರೂ ಮಾಡುವ ಕೆಲಸ ಒಂದೇ ಅಂದಮೇಲೆ ಎರಡು ಪದವಿ ಯಾಕಿರಬೇಕು? ಎರಡೂ ಬದಿಯ ವಾದವನ್ನು ನಾನೇ ಬರೆದಿದ್ದೇನೆ. ಯಾವ ಕಡೆ ವಾಲಿದ್ದೇನೆ ಅಂತ ಗೊತ್ತಾದರೆ ಆಗಲಿ.

ಪರ: ಉಳಿಯಲಿ, ಆ ಕೈಗೂ ಒಂದು ಮನೆ ಬೇಕು

ಡಾಕ್ಟರಮ್ಮ ಮೊದಲು ಬೆನ್ನು ಮುಟ್ಟಲೇ ಇಲ್ಲ. ಕಾಲು ಜೋಮು ಹಿಡಿಯುತ್ತಾ, ಮೂತ್ರಕ್ಕೆ ತೊಂದರೆ ಇದೆಯಾ, ಈಚೆಗೆ ತೂಕ ಇಳಿದಿದೆಯಾ ಅಂತ ಕೇಳಿದರು. ಪುಟ್ಟ ರಬ್ಬರ್ ಸುತ್ತಿಗೆಯಿಂದ ಮಂಡಿಗೆ ತಟ್ಟಿ ನೋಡಿದರು. ಎಲ್ಲ ಸರಿ ಇದೆ ಅನ್ನಿಸಿದ ಮೇಲೆ ಮೇಜಿನ ಮೇಲೆ ಅಂಗಾತ ಮಲಗಿಸಿ, ಒಂದು ಮಂಡಿ ಮಡಿಸಿ ಎದೆಯ ಕಡೆ ತಂದರು. "ಈಗ ನಿಮ್ಮ ಮಂಡಿಯಿಂದ ನನ್ನ ಅಂಗೈಯನ್ನು ಒತ್ತಿ. ಜೋರಾಗಿ ಬೇಡ, ಮೆಲ್ಲಗೆ." ಐದು ಎಣಿಸಿದರು. "ಬಿಡಿ." ಬಿಟ್ಟ ಕೂಡಲೇ ಕಾಲು ಎರಡು ಬೆರಳಿನಷ್ಟು ಮೇಲೆ ಹೋಯಿತು. ಮತ್ತೆ ಒತ್ತುವುದು, ಮತ್ತೆ ಬಿಡುವುದು. ಮೂರು ಸಲ. ಲಟಕ್ ಅನ್ನುವ ಸದ್ದಿಲ್ಲ, ಎಳೆದಾಟವಿಲ್ಲ. ನನ್ನ ಸ್ನಾಯುವನ್ನು ನನ್ನ ಬಲದಿಂದಲೇ ಸಡಿಲ ಮಾಡಿಸಿದರು. ಆಮೇಲೆ ನೋವಿನ ಮಾತ್ರೆಯನ್ನೂ ಬರೆದುಕೊಟ್ಟು, ಬೇಕಾದರೆ ಮಾತ್ರ ತಗೊಳ್ಳಿ ಎಂದರು.

ನಮ್ಮೂರಲ್ಲಿ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಒದೆಸಿಕೊಳ್ಳುತ್ತಿದ್ದರು. ಅದು ಒಂದು ಕಡೆ. ಹತ್ತು ನಿಮಿಷ ಮುಖ ನೋಡದೆ ಸ್ಕ್ಯಾನ್ ಬರೆಯುವ ದೊಡ್ಡಾಸ್ಪತ್ರೆ ಇನ್ನೊಂದು ಕಡೆ. ಅಪಾಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವವರೂ ಕೈಯಿಟ್ಟು ಸರಿ ಮಾಡುವವರೂ ಒಬ್ಬರೇ ಆಗಿ ಸಿಕ್ಕಿದ್ದು ನನಗೆ ಅದೇ ಮೊದಲು.

ಈ ಪದ್ಧತಿ ಶುರು ಮಾಡಿದವರು ಆಂಡ್ರ್ಯೂ ಟೇಲರ್ ಸ್ಟಿಲ್. 1864ರಲ್ಲಿ ಅವರ ಮೂವರು ಮಕ್ಕಳು ಮೆದುಳು ಜ್ವರಕ್ಕೆ ತೀರಿಕೊಂಡರು. ಅಂದಿನ ವೈದ್ಯರ ಚೀಲದಲ್ಲಿ ಇದ್ದದ್ದಾದರೂ ಏನು? ಪಾದರಸದ ಔಷಧಿ, ಅಫೀಮು, ರಕ್ತ ಹರಿಸುವ ಚಾಕು. ಸ್ವತಃ ವೈದ್ಯರಾಗಿದ್ದ ಸ್ಟಿಲ್‌ಗೆ ಅದರ ಮೇಲಿನ ನಂಬಿಕೆಯೇ ಹೋಯಿತು. 1874ರಲ್ಲಿ ತನ್ನದು ಬೇರೆ ದಾರಿ ಅಂತ ಸಾರಿದರು. ಮೂಳೆ ಕೂರಿಸುತ್ತಾ ಊರೂರು ಸುತ್ತಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಅನ್ನುವ ಸಣ್ಣ ಊರಿನಲ್ಲಿ ಕಾಲೇಜು ತೆರೆದರು. ಮೊದಲ ಬ್ಯಾಚಿನಲ್ಲೇ ಹೆಂಗಸರಿದ್ದರು. ಎಂಡಿ ಪದವಿ ಕೊಡಲು ಕಾಲೇಜಿಗೆ ಅನುಮತಿ ಇತ್ತು. ಆದರೂ ಬೇಡ ಅಂತ ಡಿಓ ಇಟ್ಟುಕೊಂಡರು. ಔಷಧಿಯನ್ನು ಅವರು ಅಷ್ಟೊಂದು ದೂರ ಇಟ್ಟದ್ದು ತಪ್ಪೇ. ಅವರ ಶಿಷ್ಯರೇ ಅದನ್ನು ತಿದ್ದಿಕೊಂಡರು. ಪಾದರಸ ಕುಡಿಸಿದವರ ವಾರಸುದಾರರೂ ತಿದ್ದಿಕೊಂಡರಲ್ವಾ?

ಬೇರೆಯಾಗಿ ಉಳಿಯುವುದು ಸುಲಭವಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಡಿಓಗಳನ್ನು ಡಾಕ್ಟರಾಗಿ ಸೇರಿಸಿಕೊಳ್ಳಲಿಲ್ಲ. ಎಂಡಿಗಳು ಯುದ್ಧಕ್ಕೆ ಹೋದರು, ಅವರ ರೋಗಿಗಳು ಊರಲ್ಲೇ ಉಳಿದ ಡಿಓಗಳ ಹತ್ತಿರ ಬಂದರು. ಎಂಡಿಗಳು ವಾಪಸ್ ಬಂದ ಮೇಲೂ ಎಷ್ಟೋ ಮನೆಯವರು ಡಾಕ್ಟರನ್ನು ಬದಲಾಯಿಸಲಿಲ್ಲ. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರ ಒಪ್ಪಿದ ಮೇಲೆ ಸೈನ್ಯದ ಬಾಗಿಲೂ ತೆರೆಯಿತು.

ಇವತ್ತಿಗೂ ಡಿಓಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫ್ಯಾಮಿಲಿ ಡಾಕ್ಟರು, ಮಕ್ಕಳ ಡಾಕ್ಟರು, ಜನರಲ್ ಫಿಸಿಶಿಯನ್. ಕೆಂಟಕಿಯ ಗುಡ್ಡಗಾಡಿನ ಪೈಕ್‌ವಿಲ್‌ನಂಥ ಊರಲ್ಲಿ 1997ರಲ್ಲಿ ತೆರೆದದ್ದು ಡಿಓ ಕಾಲೇಜು. ಹಳ್ಳಿಗೆ ಡಾಕ್ಟರು ಹೋಗುವುದಿಲ್ಲ ಅಂತ ಇಲ್ಲಿ ನಾವು ಬಾಂಡ್ ಬರೆಸಿಕೊಳ್ಳುತ್ತೇವೆ. ಅಲ್ಲಿ ಇವರು ಕಾಲೇಜನ್ನೇ ಗುಡ್ಡಕ್ಕೆ ಹತ್ತಿಸಿದರು.

ಸರಿ, ರೋಗಿಗೆ ಏನು ಲಾಭ? ಡಿಓ ಅಂದರೆ ಒಂದು ಕೈ ಕಡಿಮೆ ಅನ್ನುವವರಿಗೆ 2023ರಲ್ಲಿ ಉತ್ತರ ಸಿಕ್ಕಿತು. ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲಿ ಆಸ್ಪತ್ರೆ ಸೇರಿದ ಸುಮಾರು 3.3 ಲಕ್ಷ ದಾಖಲೆಗಳನ್ನು ಸಂಶೋಧಕರು ನೋಡಿದರು. 30 ದಿನದೊಳಗೆ ತೀರಿಕೊಂಡವರು ಎಂಡಿಗಳ ಕೈಯಲ್ಲಿ ಶೇ 9.4, ಡಿಓಗಳ ಕೈಯಲ್ಲಿ ಶೇ 9.5. ಅಂದರೆ ವ್ಯತ್ಯಾಸವೇ ಇಲ್ಲ. ಖರ್ಚೂ ಅಷ್ಟಕ್ಕಷ್ಟೇ. ಇನ್ನು ಬೆನ್ನುನೋವಿನ ಮೇಲೆ 1999ರಲ್ಲಿ ಒಂದು ಪ್ರಯೋಗ ನಡೆದಿತ್ತು. ಓಎಂಟಿ ಮಾಡಿಸಿಕೊಂಡವರೂ ಮಾಮೂಲಿ ಚಿಕಿತ್ಸೆಯವರೂ ಸರಿಸುಮಾರು ಒಂದೇ ರೀತಿ ಗುಣವಾದರು. ಆದರೆ ಓಎಂಟಿಯವರು ನುಂಗಿದ ಮಾತ್ರೆ ಕಡಿಮೆ. ನೋವಿನ ಮಾತ್ರೆಯ ಚಟದಿಂದ ಅಮೆರಿಕ ಎಂಥ ಪಾಡು ಪಟ್ಟಿದೆ ಅಂತ ಗೊತ್ತಿದ್ದವರಿಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ.

ಒಂದು ಮಾಡಿಬಿಡೋಣ ಅನ್ನುವವರು ಕ್ಯಾಲಿಫೋರ್ನಿಯಾದ ಕಥೆ ಕೇಳಬೇಕು. 1961–62ರಲ್ಲಿ ಅಲ್ಲಿ ಎಂಡಿಗಳ ಸಂಘವೂ ಡಿಓಗಳ ಸಂಘವೂ ಸೇರಿಕೊಂಡವು. 65 ಡಾಲರ್ ಕಟ್ಟಿ ಸಣ್ಣದೊಂದು ಸೆಮಿನಾರಿನಲ್ಲಿ ಕೂತರೆ ಡಿಓ ಹೋಗಿ ಎಂಡಿ. 2,000ಕ್ಕೂ ಹೆಚ್ಚು ಜನ ಬದಲಾದರು. ಅಲ್ಲಿದ್ದ ಡಿಓ ಕಾಲೇಜು ಎಂಡಿ ಕಾಲೇಜಾಯಿತು. ಅದೇ ಈಗ ಅರ್ವೈನ್‌ನಲ್ಲಿರುವ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲ್. 1962ರಲ್ಲಿ ಜನಮತ ತೆಗೆದುಕೊಂಡು, ಹೊಸ ಡಿಓಗಳಿಗೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿದರು. 1974ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಮಧ್ಯೆ ಬರುವವರೆಗೆ ಅದೇ ಸ್ಥಿತಿ. ಸಣ್ಣದನ್ನು ದೊಡ್ಡದಕ್ಕೆ ಸೇರಿಸಿದರೆ ಯಾವುದು ಕರಗುತ್ತದೆ ಅಂತ ಬೇರೆ ಹೇಳಬೇಕಾ?

ವಿರೋಧ: ಅಂಗಡಿ ಒಂದೇ, ಬೋರ್ಡ್ ಎರಡು

ಅದೇ 2023ರ ಲೆಕ್ಕವನ್ನು ಇನ್ನೊಂದು ಸಲ ಓದಿ. 9.4, 9.5. ವ್ಯತ್ಯಾಸ ಇಲ್ಲ ಅಂತ ಹೆಮ್ಮೆಯಿಂದ ತೋರಿಸುತ್ತೀರಿ. ಹಾಗಿದ್ದರೆ ಬೇರೆ ಪದವಿ ಯಾತಕ್ಕೆ? ನಾವು ಬೇರೆ ಅನ್ನುವುದೂ ನಾವು ಅವರ ಹಾಗೇ ಅನ್ನುವುದೂ ಒಂದೇ ಬಾಯಲ್ಲಿ ಬಂದರೆ ಕೇಳುವವರಿಗೆ ಕಷ್ಟ.

ಇರುವ ಒಂದೇ ವ್ಯತ್ಯಾಸ ಓಎಂಟಿ. ಅದನ್ನು ಡಿಓಗಳು ಎಷ್ಟು ಮಾಡುತ್ತಾರೆ? 2001ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಡಿಓಗಳು, ತಾವು ನೋಡುವ ನೂರು ರೋಗಿಗಳಲ್ಲಿ ಐವರಿಗೂ ಅದನ್ನು ಮಾಡುವುದಿಲ್ಲ ಎಂದಿದ್ದರು. ಮಗಳ ಡಾಕ್ಟರಮ್ಮ ಸಿಕ್ಕಿದ್ದು ನನ್ನ ಅದೃಷ್ಟ. ಅದೇ ಊರಿನ ಇನ್ನೊಬ್ಬ ಡಿಓ ಹತ್ತಿರ ಹೋಗಿದ್ದರೆ ಬರೀ ಮಾತ್ರೆ ಚೀಟಿ ಹಿಡಿದುಕೊಂಡು ಬರುತ್ತಿದ್ದೆನೋ ಏನೋ. ಹಾಗೆ ನೋಡಿದರೆ ಸೊಂಟದ ಉಳುಕು ಎಷ್ಟೋ ಸಲ ಕೆಲವು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ನನಗೆ ಗುಣವಾದದ್ದು ಆ ಮೂರು ಸಲದ ಒತ್ತುವಿಕೆಯಿಂದಲೋ, ನಾಲ್ಕು ದಿನ ಸೂಟ್‌ಕೇಸ್ ಮುಟ್ಟದೆ ಇದ್ದದ್ದರಿಂದಲೋ, ಯಾರು ಹೇಳಬೇಕು?

ಅದನ್ನು ಹೇಳುವುದಕ್ಕೇ ಪ್ರಯೋಗ ಮಾಡುವುದು. ಫ್ರಾನ್ಸ್‌ನಲ್ಲಿ ಬೆನ್ನುನೋವಿನ 400 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಆಸ್ಟಿಯೋಪತಿ ಚಿಕಿತ್ಸೆ, ಇನ್ನೊಂದಕ್ಕೆ ಸುಮ್ನೆ ಕೈಯಿಟ್ಟಂತೆ ಮಾಡುವುದು. 2021ರಲ್ಲಿ ಫಲಿತಾಂಶ ಬಂತು. ವ್ಯತ್ಯಾಸ ಇತ್ತು, ಆದರೆ ರೋಗಿಯ ದಿನನಿತ್ಯಕ್ಕೆ ಲೆಕ್ಕಕ್ಕೆ ಬರದಷ್ಟು ಸಣ್ಣದು. ಅಲ್ಲಿ ಚಿಕಿತ್ಸೆ ಕೊಟ್ಟವರು ಅಮೆರಿಕದ ಡಿಓಗಳಲ್ಲ, ಅದನ್ನೂ ಹೇಳಬೇಕು. ಬೆನ್ನಿನ ಮಾತಾದರೂ ಹೋಗಲಿ, ತಲೆಬುರುಡೆಯ ಕಥೆ ಇನ್ನೂ ಕಷ್ಟ. ಬುರುಡೆಯ ಮೂಳೆಗಳು ಒಂದು ಲಯದಲ್ಲಿ ಅಲುಗುತ್ತವೆ, ಅದು ಬೆರಳಿಗೆ ಗೊತ್ತಾಗುತ್ತದೆ ಅನ್ನುವ ಒಂದು ಕವಲು ಈ ಪದ್ಧತಿಯಲ್ಲಿದೆ. ಒಂದೇ ತಲೆಯನ್ನು ಇಬ್ಬರಿಗೆ ಮುಟ್ಟಲು ಕೊಟ್ಟರೆ ಇಬ್ಬರೂ ಬೇರೆ ಬೇರೆ ಲಯ ಹೇಳುತ್ತಾರೆ. ಇದನ್ನು ಎತ್ತಿ ತೋರಿಸಿದವರಲ್ಲಿ ಡಿಓ ಕಾಲೇಜಿನಲ್ಲೇ ಪಾಠ ಮಾಡುವವರೂ ಇದ್ದರು. ಆದರೂ ಆ ಪಾಠ ಇನ್ನೂ ಪೂರ್ತಿ ಹೋಗಿಲ್ಲ. ಬೇರೆ ಮನೆ ಇದ್ದರೆ ಹಳೆ ಸಾಮಾನು ಎಸೆಯುವುದು ಕಷ್ಟ, ಅದಕ್ಕೂ ಒಂದು ಅಟ್ಟ ಸಿಕ್ಕಿಬಿಡುತ್ತದೆ.

ಹಾಗಂತ ಆ ಕೈಚಳಕ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಬೇಕಾದವರು ಕಲಿಯಲಿ. ಆಸ್ಟಿಯೋಪತಿಯ ಕೈಚಿಕಿತ್ಸೆಗೆಂದೇ ಅಮೆರಿಕದಲ್ಲಿ ಈಗ ಪ್ರತ್ಯೇಕ ರೆಸಿಡೆನ್ಸಿ ಇದೆ. ಎಂಡಿಗಳಿಗೂ ಅದನ್ನು ಕಲಿಯಲು ದಾರಿಯಿದೆ. 2020ಕ್ಕೆ ಎಂಡಿ, ಡಿಓ ಇಬ್ಬರ ರೆಸಿಡೆನ್ಸಿಯೂ ಒಂದೇ ಮಾನ್ಯತೆಯ ಕೆಳಗೆ ಬಂದಾಯಿತು. ತರಬೇತಿ ಒಂದಾಯಿತು, ಆಸ್ಪತ್ರೆ ಒಂದಾಯಿತು, ಸಂಬಳ ಕೊಡುವವರೂ ಒಬ್ಬರೇ. ಉಳಿದದ್ದು ಎರಡು ಅಕ್ಷರ.

ಆ ಎರಡು ಅಕ್ಷರದ ಬೆಲೆ ಕೊಡುವವರು ಓದುವ ಮಕ್ಕಳು. ಮಗಳ ಮನೆಯ ಹತ್ತಿರ ನಮ್ಮ ಕಡೆಯದೇ ಒಂದು ಸಂಸಾರ ಇದೆ. ಅವರ ಮಗ ಡಿಓ ಎರಡನೇ ವರ್ಷ. ಡಿಓಗಳ ಲೈಸೆನ್ಸ್ ಪರೀಕ್ಷೆ ಕಾಮ್ಲೆಕ್ಸ್. ಎಂಡಿಗಳದು ಯುಎಸ್‌ಎಂಎಲ್‌ಇ. ಕಾನೂನಿನ ಪ್ರಕಾರ ಇವನಿಗೆ ಕಾಮ್ಲೆಕ್ಸ್ ಸಾಕು. ಆದರೆ ಕೆಲವು ರೆಸಿಡೆನ್ಸಿಯವರು ಯುಎಸ್‌ಎಂಎಲ್‌ಇ ಅಂಕ ಇಲ್ಲದಿದ್ದರೆ ಅರ್ಜಿ ನೋಡುವುದೇ ಇಲ್ಲ. ಹಾಗಾಗಿ ಎರಡೂ ಬರೆಯಬೇಕು. ಒಂದೊಂದರ ಫೀಸೂ 600 ಡಾಲರಿಗಿಂತ ಜಾಸ್ತಿ. ಅದೇ ಹೃದಯ, ಅದೇ ಮೂತ್ರಪಿಂಡ, ಪರೀಕ್ಷೆ ಮಾತ್ರ ಎರಡು. ಇಷ್ಟೆಲ್ಲ ಆದ ಮೇಲೂ ನ್ಯೂರೋಸರ್ಜರಿ, ಚರ್ಮರೋಗದಂಥ ವಿಭಾಗಗಳಿಗೆ ಡಿಓಗಳು ನುಗ್ಗುವುದು ಕಷ್ಟ. ಒಟ್ಟಾರೆ ಸೀಟು ಸಿಗುವ ಲೆಕ್ಕದಲ್ಲಿ ಇಬ್ಬರೂ ಹತ್ತಿರ ಹತ್ತಿರವೇ, 2024ರಲ್ಲಿ ಎರಡೂ ಕಡೆ ಶೇ 92 ದಾಟಿತ್ತು. ಯಾವ ಸೀಟು ಅನ್ನುವುದರಲ್ಲಿ ಇದೆ ವಿಷಯ.

ಈಗ ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದ ಎಂಡಿ ವಿಷಯ. ಹುಬ್ಬಳ್ಳಿಯಲ್ಲೋ ಮೈಸೂರಲ್ಲೋ ಎಂಬಿಬಿಎಸ್ ಮಾಡಿ ಅಮೆರಿಕಕ್ಕೆ ಹೋದವರು ಯುಎಸ್‌ಎಂಎಲ್‌ಇ ಒಂದನ್ನೇ ಬರೆದು, ರೆಸಿಡೆನ್ಸಿ ಮುಗಿಸಿ, ಲೈಸೆನ್ಸ್ ತಗೊಳ್ಳುತ್ತಾರೆ. ಅಲ್ಲಿನ ಬಹಳ ಕಡೆ ಬೋರ್ಡಿನ ಮೇಲೆ ಹೆಸರಿನ ಪಕ್ಕ ಎಂಡಿ ಅಂತಲೇ ಬರೆದುಕೊಳ್ಳುತ್ತಾರೆ. ಅವರು ಆ ಡಿಗ್ರಿ ಪಡೆದವರಲ್ಲ, ಆದರೂ ಯಾರೂ ತಕರಾರು ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ, ಒಳ್ಳೆಯ ಡಾಕ್ಟರು ಅವರು. ಅಮೆರಿಕದಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲಿನ ಆಸ್ಪತ್ರೆಯಲ್ಲೇ ಪಳಗಿದ ಹುಡುಗ ಮಾತ್ರ ಜೀವಮಾನವಿಡೀ "ಡಿಓ ಅಂದ್ರೆ ಏನು?" ಅನ್ನುವುದಕ್ಕೆ ಉತ್ತರ ಹೇಳುತ್ತಿರಬೇಕು. 2020ರ ಅಕ್ಟೋಬರಿನಲ್ಲಿ ಅಧ್ಯಕ್ಷ ಟ್ರಂಪ್‌ಗೆ ಕೋವಿಡ್ ಆದಾಗ ಅವರ ವೈದ್ಯ ಶಾನ್ ಕಾನ್ಲಿಯವರೂ ಇದೇ ಪ್ರಶ್ನೆ ಎದುರಿಸಿದರು. ಅವರು ಡಿಓ ಅಂತ ತಿಳಿದ ಕೂಡಲೇ, ಇವರು ನಿಜವಾದ ಡಾಕ್ಟರೇನಾ ಅಂತ ಜನ ಅನುಮಾನಿಸಿದರು. ಕಾಯಿಲೆ ವಿಷಯದಲ್ಲಿ ಅವರು ಸ್ಪಷ್ಟವಾಗಿ ಮಾತಾಡಲಿಲ್ಲ ಅಂತ ಬಯ್ಯಬಹುದಿತ್ತು. ಡಿಗ್ರಿಗೆ ಯಾಕೆ ಬಯ್ಯಬೇಕು? ಆಮೇಲೆ ಅಧ್ಯಕ್ಷರಾದ ಬೈಡನ್ ಅವರಿಗೆ ವೈದ್ಯರಾಗಿದ್ದವರೂ ಡಿಓನೇ. ಶ್ವೇತಭವನದ ಡಾಕ್ಟರಿಗೇ ಈ ಗತಿ ಅಂದರೆ ಬೇರೆಯವರ ಪಾಡು ಕೇಳಬೇಡಿ.

ಕ್ಯಾಲಿಫೋರ್ನಿಯಾದ 65 ಡಾಲರ್ ಕಥೆಯನ್ನು ಎದುರು ಬದಿಯವರು ನಷ್ಟದ ಕಥೆಯ ಹಾಗೆ ಹೇಳಿದರು. ಆದರೆ ಅಂದು ಬದಲಾದ 2,000 ಜನರನ್ನು ಯಾರೂ ಕತ್ತು ಹಿಡಿದು ತಳ್ಳಲಿಲ್ಲ. ತಾವಾಗಿಯೇ ಸಾಲು ನಿಂತರು. ಮರುದಿನ ಬೆಳಿಗ್ಗೆ ಅದೇ ರೋಗಿಗಳನ್ನು ಅದೇ ಕ್ಲಿನಿಕ್ಕಿನಲ್ಲಿ ನೋಡಿದರು. ಆಮೇಲೆ 12 ವರ್ಷ ಲೈಸೆನ್ಸ್ ಬಾಗಿಲು ಮುಚ್ಚಿದ್ದು ತಪ್ಪು, ಒಪ್ಪುತ್ತೇನೆ. ಬಲವಂತದ ಬದಲು ಇಷ್ಟ ಇದ್ದವರಿಗೆ ಆ ಆಯ್ಕೆಯನ್ನು ಇವತ್ತು ಕೊಟ್ಟು ನೋಡಲಿ.

ಹೊರಡುವ ಹಿಂದಿನ ದಿನ ಆ ಹುಡುಗನ ಮನೆಗೆ ಊಟಕ್ಕೆ ಹೋಗಿದ್ದೆವು. ಬಿಸಿಬೇಳೆಬಾತ್ ತಟ್ಟೆ ಒಂದು ಕೈಯಲ್ಲಿ, ಇನ್ನೊಂದರಲ್ಲಿ ಫೋನ್ ಹಿಡಿದು ಪ್ರಶ್ನೆ ಬಿಡಿಸುತ್ತಿದ್ದ. ತಲೆಬುರುಡೆಯ ಚಿತ್ರ ಇತ್ತು. ಇದೆಲ್ಲ ನಂಬ್ತೀಯೇನಪ್ಪಾ ಅಂತ ಕೇಳಿದೆ. "ಕಾಮ್ಲೆಕ್ಸ್‌ನಲ್ಲಿ ಬರುತ್ತೆ ಅಂಕಲ್, ಅಲ್ಲಿವರೆಗೆ ನಂಬ್ತೀನಿ" ಅಂದ. ಯುಎಸ್‌ಎಂಎಲ್‌ಇ ಅದಾದ ಮೂರನೇ ವಾರಕ್ಕಂತೆ.