ಪೇಪರ್ ಲೆಕ್ಕ ಬಿಡಿ, ಲ್ಯಾಬ್ ನೋಟ್‌ಬುಕ್ ನೋಡಿ

"ಮೇಡಂ, ಪಿಎಚ್‌ಡಿಗೆ ಎಷ್ಟು ಪೇಪರ್ ಬೇಕು?" ಮಂಡ್ಯದಲ್ಲಿ ನನ್ನ ಹತ್ತಿರ ಎಂಎಸ್ಸಿ ಕೆಮಿಸ್ಟ್ರಿ ಓದಿದ ಮಕ್ಕಳು ಮೊದಲು ಕೇಳುವುದೇ ಇದನ್ನು. ಪೇಪರ್ ಅಂದರೆ ಜರ್ನಲ್‌ನಲ್ಲಿ ಅಚ್ಚಾದ ಸಂಶೋಧನಾ ಲೇಖನ. ಏನು ಕೆಲಸ ಮಾಡಬೇಕು ಅಂತ ಕೇಳುವವರು ಕಡಿಮೆ. ತಪ್ಪು ಮಕ್ಕಳದ್ದಲ್ಲ. ನಾವೇ ಅವರಿಗೆ ಹಾಗೆ ಕಲಿಸಿಬಿಟ್ಟಿದ್ದೇವೆ.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್‌ಡಿ ನಿಯಮ ಓದಿ. ಎಂಎಸ್ಸಿ ಮಾಡಿ ಬರುವವರಿಗೆ ಅದರಲ್ಲಿ ಶೇ 55 ಅಂಕ ಇರಬೇಕು, ಮೀಸಲಾತಿ ಇರುವವರಿಗೆ ಶೇ 5 ರಿಯಾಯಿತಿ. ಕೋರ್ಸ್‌ವರ್ಕ್, ಅಂದರೆ ಓದಿ ಪಾಸಾಗಬೇಕಾದ ಪಾಠಗಳು, ಕನಿಷ್ಠ 12 ಕ್ರೆಡಿಟ್. ಅವಧಿ 3ರಿಂದ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷ ಸಿಗುತ್ತದೆ, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ಇದನ್ನು ಮದುವೆ ಗೊತ್ತಾಗಿರುವ ಹುಡುಗಿಯರಿಗೆ ನಾನು ಒತ್ತಿ ಹೇಳುತ್ತೇನೆ. ಕೊನೆಗೆ ಥೀಸಿಸ್ (ಸಂಶೋಧನಾ ಪ್ರಬಂಧ), ಹೊರಗಿನ ಇಬ್ಬರು ಪರೀಕ್ಷಕರು, ವೈವಾ (ಮೌಖಿಕ ಪರೀಕ್ಷೆ). 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮುಂಚೆ ಜರ್ನಲ್‌ನಲ್ಲಿ ಒಂದು ಪೇಪರ್ ಬಂದಿರಬೇಕಿತ್ತು. 2022ರಲ್ಲಿ ಯುಜಿಸಿ ಅದನ್ನು ಕೈಬಿಟ್ಟಿತು.

ಕೈಬಿಟ್ಟಿದ್ದು ಒಳ್ಳೆಯದೇ ಆಯಿತು. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡಿದ್ದೇ ಇಂಥ ಒತ್ತಡದಿಂದ. ಆದರೆ ಪೇಪರ್ ಹೋದ ಜಾಗಕ್ಕೆ ಬೇರೆ ಏನೂ ಬರಲಿಲ್ಲವಲ್ಲ, ನನ್ನ ತಕರಾರು ಅಲ್ಲೇ. ಕೆಮಿಸ್ಟ್ರಿಯಲ್ಲಿ ಪೇಪರ್‌ಗಿಂತ ಗಟ್ಟಿಯಾದ ಸಾಕ್ಷಿ ಒಂದಿದೆ. ಅದು ಲ್ಯಾಬ್ ನೋಟ್‌ಬುಕ್, ಪ್ರಯೋಗ ಮಾಡುವಾಗಲೇ ಎಲ್ಲ ಬರೆದಿಡುವ ಪುಸ್ತಕ.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ನಾನು ಪಿಎಚ್‌ಡಿ ಮಾಡುವಾಗ ನಮ್ಮ ಲ್ಯಾಬಿನಲ್ಲಿ ಒಬ್ಬರು ಸೀನಿಯರ್ ಅಕ್ಕ ಇದ್ದರು. ಮಿಶ್ರಣದಲ್ಲಿರುವುದನ್ನು ಬೇರೆಬೇರೆ ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ಲ್ಯಾಂಪ್ ಕೆಳಗೆ ಹಿಡಿದು, ಕಂಡ ಚುಕ್ಕೆಗಳ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಿದ್ದರು. ಆಮೇಲೆ ಅದೇ ಅಳತೆಗೆ ನೋಟ್‌ಬುಕ್‌ನಲ್ಲಿ ಚಿತ್ರ ಬರೆಯುತ್ತಿದ್ದರು. ಯಾವ ಸಾಲ್ವೆಂಟ್, ಎಷ್ಟು ಅನುಪಾತ, ಎಷ್ಟು ಹೊತ್ತಿಗೆ ಬಣ್ಣ ತಿರುಗಿತು, ಶುದ್ಧ ಮಾಡುವ ಕಾಲಂನಿಂದ ಯಾವ ಟ್ಯೂಬ್‌ಗಳಿಗೆ ಕಾಂಪೌಂಡ್ (ಸಂಯುಕ್ತ) ಇಳಿಯಿತು, ಎಲ್ಲವೂ ಅಲ್ಲಿರುತ್ತಿತ್ತು. ಕೆಟ್ಟುಹೋದ ರಿಯಾಕ್ಷನ್‌ಗೂ ಪೂರ್ತಿ ಪುಟ. ಅವರು ಕೆಲಸ ಸಿಕ್ಕಿ ಹೋದ ಮೇಲೆ ಆ ಪುಟ ನೋಡಿಕೊಂಡೇ ನಾನು ಅವರ ಕಾಂಪೌಂಡ್ ಮಾಡಿದೆ. ಮೆಲ್ಟಿಂಗ್ ಪಾಯಿಂಟ್ ಸರಿಯಾಗಿ ಕೂತಿತು, ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಕೂಡ ತಾಳೆಯಾಯಿತು. ಒಂದು ಮಾತೂ ಕೇಳಬೇಕಾಗಲಿಲ್ಲ. ಡಾಕ್ಟರೇಟ್‌ಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕಾ?

ಎಷ್ಟೋ ಥೀಸಿಸ್‌ಗಳಲ್ಲಿ ಇಳುವರಿ (ಲೆಕ್ಕದ ಪ್ರಕಾರ ಸಿಗಬೇಕಾದ ಕಾಂಪೌಂಡ್‌ನಲ್ಲಿ ನಿಜಕ್ಕೂ ಸಿಕ್ಕಿದ್ದು) ಶೇ 92, ಶೇ 95 ಅಂತ ಸಾಲಾಗಿ ಇರುತ್ತದೆ. ಇನ್ನೊಬ್ಬರು ಮಾಡಿದರೆ ಅರ್ಧವೂ ಬರಲ್ಲ. ಬೇಕಂತಲೇ ಸುಳ್ಳು ಬರೆದಿರುತ್ತಾರೆ ಅಂತ ನಾನು ಹೇಳಲ್ಲ. ತೇವ ಪೂರ್ತಿ ಆರುವ ಮೊದಲೇ ತೂಕ ಮಾಡಿದರೂ ಇಳುವರಿ ಜಾಸ್ತಿ ಕಾಣುತ್ತದೆ. ಇನ್ನೊಂದು ಕೈ ಅದನ್ನು ಮಾಡಿ ನೋಡದೆ ಇಂಥದ್ದು ಹೊರಗೆ ಬರುವುದೇ ಇಲ್ಲ.

ಆರ್ಗ್ಯಾನಿಕ್ ಸಿಂಥೆಸೀಸ್ ಅನ್ನುವ ಪ್ರಕಟಣೆ 1921ರಿಂದ ಬರುತ್ತಿದೆ. ಕಳಿಸಿದ ವಿಧಾನವನ್ನು ಸಂಪಾದಕ ಮಂಡಳಿಯ ಒಬ್ಬರ ಲ್ಯಾಬಿನಲ್ಲಿ ಮತ್ತೆ ಮಾಡಿ, ಸರಿಬಂದರೆ ಮಾತ್ರ ಅಚ್ಚು ಹಾಕುತ್ತಾರೆ. ನಮ್ಮ ವಿಭಾಗಗಳೂ ಇದನ್ನು ಯಾಕೆ ಮಾಡಬಾರದು? ಥೀಸಿಸ್ ಕೊಡುವ ಮೊದಲು ಅದರ ಒಂದು ಮುಖ್ಯ ಕಾಂಪೌಂಡನ್ನು ಬೇರೆ ಗೈಡ್ ಹತ್ತಿರ ಇರುವ ವಿದ್ಯಾರ್ಥಿ ಬರೀ ನೋಟ್‌ಬುಕ್ ನೋಡಿ ಮಾಡಲಿ.

ಟೈಮ್ ಎಲ್ಲಿದೆ, ಕೆಮಿಕಲ್‌ಗೆ ದುಡ್ಡು ಎಲ್ಲಿದೆ ಅಂತ ಗೈಡ್‌ಗಳು ಕೇಳಬಹುದು. ಒಂದೇ ಕಾಂಪೌಂಡ್, ಅದೂ ಚಿಕ್ಕ ಪ್ರಮಾಣದಲ್ಲಿ ಸಾಕು. ಬಾರದ ಪೇಪರ್‌ಗಾಗಿ ಕಾಯುತ್ತಾ ಕೂರುತ್ತಿದ್ದ ಕಾಲಕ್ಕಿಂತ ಇದಕ್ಕೆ ಕಡಿಮೆಯೇ ಸಾಕು. ಸರಿಬರದಿದ್ದರೆ ಯಾಕೆ ಬರಲಿಲ್ಲ ಅಂತ ಇಬ್ಬರೂ ಕೂತು ಬರೆಯಲಿ. ಹೊರಗಿನ ಪರೀಕ್ಷಕರು ಆ ವರದಿಯನ್ನೂ ಓದಿಕೊಂಡು ಬಂದು ವೈವಾದಲ್ಲಿ ಪ್ರಶ್ನೆ ಕೇಳಲಿ.