ಫೋಟೊ ಬೇಡ, ಬೀಡಿ ಕಟ್ಟಿಸಿ

ಬಡವರ ಬಗ್ಗೆ ಜನರ ಅಭಿಪ್ರಾಯ ಬದಲಿಸಲು ಮಂಗಳೂರಿನಲ್ಲಿ ಬಡತನದ ಕುರಿತ ಪ್ರದರ್ಶನ ಏರ್ಪಡಿಸುವುದಾದರೆ ದೊಡ್ಡ ಫೋಟೊ, ಟಚ್‌ಸ್ಕ್ರೀನ್ ಸಾಕೆಂದು ಒಂದು ಲೇಖನ ಹೇಳುತ್ತದೆ. ಅದನ್ನು ನೋಡಿದವರು 'ಪಾಪ' ಅಂದು ಮುಂದೆ ಹೋಗುತ್ತಾರೆ. 'ನಮ್ಮ ಜಿಲ್ಲೆಯಲ್ಲಿ ದುಡಿಯದವರಷ್ಟೇ ಬಡವರು' ಎಂಬ ನಂಬಿಕೆ ಅಲುಗಾಡಬೇಕಾದರೆ ನೋಡಲು ಬಂದವರ ಕೈಗೆ ಕೆಲಸ ಕೊಡಬೇಕು. ಬಂಟ್ವಾಳ, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಕಟ್ಟುವ ಬೀಡಿ ಇದಕ್ಕೆ ಹೇಳಿ ಮಾಡಿಸಿದ್ದು.

ಬೇಕಾದದ್ದು 6 ಚಾಪೆ, 6 ಗೆರಸೆ, ಕತ್ತರಿ, ಎಲೆಯನ್ನು ಅಳತೆಗೆ ಕತ್ತರಿಸಲು ತಗಡಿನ ಅಚ್ಚು, ನೂಲು. ಮಕ್ಕಳೂ ಬರುವುದರಿಂದ ಹೊಗೆಸೊಪ್ಪು ಖಂಡಿತ ಬೇಡ. ಅದರ ಬದಲು ಸೋಸಿದ ಚಹಾ ಚರಟ ಒಣಗಿಸಿ ಬಳಸಿ. ತಲೆನೋವು ಬೀಡಿ ಎಲೆಯದು. ಎಸಿ ಹಾಲ್‌ನಲ್ಲಿ ಬೇಗ ಒಣಗಿ ಸುತ್ತುವಾಗಲೇ ಸೀಳುತ್ತದೆ. ಮೊದಲೇ ನೆನೆಸಿ, ನೀರು ಬಸಿದು ಒದ್ದೆ ಗೋಣಿಯಲ್ಲಿ ಸುತ್ತಿಡಿ, ಆಯಾ ಸರದಿಗೆ ಬೇಕಾದಷ್ಟೇ ಹೊರತೆಗೆಯಿರಿ.

ಒಂದು ಸರದಿ 10 ನಿಮಿಷ. ಆಮೇಲೆ 'ಬ್ರಾಂಚ್' (ಕಟ್ಟಿದ ಬೀಡಿ ಒಪ್ಪಿಸುವ ಜಾಗ) ಕೌಂಟರ್: ಸಡಿಲವಾದದ್ದು, ಬಾಯಿ ಸರಿ ಮಡಚದ್ದು ತಿರಸ್ಕೃತ. ಈ ಹಂತವನ್ನು ದಯವಿಟ್ಟು ಬಿಡಬೇಡಿ. ದುಡಿದೂ ಕೂಲಿ ಸಿಗದಿರುವುದು ಅರ್ಥವಾಗುವುದು ಇಲ್ಲೇ. 10 ಬೀಡಿ ಪಾಸಾದರೂ ಆ ವೇಗದಲ್ಲಿ ಸಾವಿರಕ್ಕೆ 16 ಗಂಟೆಗೂ ಹೆಚ್ಚು ಬೇಕು. ಕೂಲಿ ಸಾವಿರದ ಲೆಕ್ಕದಲ್ಲಿ. ಸರಕಾರದ ಈಗಿನ ದರವನ್ನೇ ಬೋರ್ಡಿನಲ್ಲಿ ಬರೆದು, ಸಿಕ್ಕಿದ್ದನ್ನು ಪಾಸ್‌ಬುಕ್ಕಿನಲ್ಲಿ ನಮೂದಿಸಿ ಕೊಡಿ.

ಗಡಿಯಾರದ ಟಿಕ್‌ಟಿಕ್, ಬಹುಮಾನ ಇಟ್ಟರೆ ಅದು ಆಟವಾಗಿಬಿಡುತ್ತದೆ. ಕಲಿಸಲು ಬೀಡಿ ಕಟ್ಟುವ ಅಕ್ಕಂದಿರನ್ನೇ ಕರೆಯಿರಿ, ದಿನದ ಸಂಭಾವನೆ ಮುಂಗಡವಾಗಿ ಕೊಡಿ. ಅವರ ಮನೆಕಷ್ಟ ಕೇಳಿಸುವ ಕಾರ್ಯಕ್ರಮ ಬೇಡವೇ ಬೇಡ. 'ಇಲ್ಲಿ ಬಡವರು ಯಾರು?' ಎಂಬ ಒಂದೇ ಪ್ರಶ್ನೆಯ ಚೀಟಿಯನ್ನು ಒಳಬರುವಾಗಲೂ ಹೊರಹೋಗುವಾಗಲೂ ತುಂಬಿಸಿ, ಎರಡಕ್ಕೂ ಒಂದೇ ನಂಬರ್ ಹಾಕಿ. ಇಲ್ಲದಿದ್ದರೆ ಯಾರ ಅಭಿಪ್ರಾಯ ಬದಲಾಯಿತೆಂದು ಹೋಲಿಸಲಾಗದು.